ಅಂಟು ಆರಿಲ್ಲ

ನಮ್ಮೂರಲ್ಲಿ ಚಿತ್ರದ ಎದುರು ಯಾರೂ ಮಾತಾಡುವುದಿಲ್ಲ. ಮಾತಾಡಲೇಬೇಕಾದರೆ ಮೊದಲು ಅದರ ಮೇಲೊಂದು ಬಟ್ಟೆ ಎಳೆಯುತ್ತಾರೆ. ಚಿತ್ರದ ಎದುರು ಏನು ಹೇಳಿದರೂ ಮರುದಿನ ಬೆಳಗಾಗುವಷ್ಟರಲ್ಲಿ ಚಿತ್ರ ಅದನ್ನು ಒಪ್ಪಿಕೊಂಡಿರುತ್ತದೆ. ಇದು ಎಂದಿನಿಂದ ಹೀಗೆ ಎಂದು ಕೇಳಿದವರನ್ನು ನಮ್ಮೂರ ಜನ, ಬಾವಿಯಲ್ಲಿ ನೀರು ಎಂದಿನಿಂದ ಇದೆ ಎಂದು ಕೇಳಿದವರನ್ನು ನೋಡುವ ಹಾಗೆ ನೋಡುತ್ತಾರೆ.

ಫೋಟೋ ತೋರಿಸಿ ಹೆಣ್ಣು ಗೊತ್ತುಮಾಡುವ ಪದ್ಧತಿ ನಮ್ಮಲ್ಲಿ ಇಲ್ಲದಿರುವುದು ಅದಕ್ಕೇ. ಹಿಂದೆ ಇತ್ತಂತೆ. ಮದುವೆ ದಲ್ಲಾಳಿಗಳು ಫೋಟೋ ಕೈಯಲ್ಲಿ ಹಿಡಿದು, ಗುಣಗಾನ ಮಾಡುತ್ತ ನಾಲ್ಕು ದಿನ ಊರು ಸುತ್ತಿದರೆಂದರೆ ಫೋಟೋಗಳಲ್ಲಿ ಊರಿನ ಕನ್ಯೆಯರೆಲ್ಲ ಒಂದೇ ಬಣ್ಣ, ಒಂದೇ ಮೂಗು, ಒಂದೇ ತಗ್ಗಿಸಿದ ಕಣ್ಣು. ಕಡೆಗೆ ತಾಯಂದಿರಿಗೇ ತಮ್ಮ ಮಗಳ ಫೋಟೋ ಯಾವುದೆಂದು ತಿಳಿಯದಾಗಿ ಪದ್ಧತಿಯೇ ನಿಂತಿತು. ಹಾಗೆಂದು ಆಡಿದ ಮಾತನ್ನು ತಿದ್ದಹೋಗುವಂತೆಯೂ ಇಲ್ಲ. ಕಿರಾಣಿ ಅಂಗಡಿಯ ಅಣ್ಣತಮ್ಮಂದಿರು ತೀರಿಹೋದ ಅಜ್ಜನ ಪಟದ ಮುಂದೆ ನಿಂತು, ಅಜ್ಜ ದಪ್ಪಗಿದ್ದ ಎಂದು ಒಬ್ಬ, ಸಣ್ಣಗಿದ್ದ ಎಂದು ಇನ್ನೊಬ್ಬ ವಾದಕ್ಕೆ ಬಿದ್ದರು. ಆ ಅಜ್ಜ ಇವತ್ತಿಗೂ ಎಡಗಡೆ ದಪ್ಪ, ಬಲಗಡೆ ಸಣ್ಣ. ದೇವರ ಪಟಗಳು ಮಾತ್ರ ನಮ್ಮಲ್ಲಿ ಕೆಟ್ಟಿಲ್ಲ. ಅವುಗಳ ಮುಂದೆ ನಿಂತವರು ದೇವರ ವಿಷಯ ಎಲ್ಲಿ ಮಾತಾಡುತ್ತಾರೆ, ತಮ್ಮದನ್ನೇ ಹೇಳಿಕೊಳ್ಳುತ್ತಾರೆ.

ಇಷ್ಟೆಲ್ಲ ತಿಳಿದ ಊರಿನಲ್ಲಿ, ವಾರಕ್ಕೊಮ್ಮೆ ಚಿತ್ರಗಳ ಎದುರು ಕೂತು ಮಾತಾಡುವುದಕ್ಕೆಂದೇ ಒಂದು ಮಂಡಳ ಇತ್ತು. ತುರ್ಕಿ ಗ್ರಂಥ ರಸಿಕರ ಮಂಡಳ ಎಂದು ಅದರ ಹೆಸರು. ಬಾಪೂಸಾಹೇಬ ದೇಸಾಯರು ಅದರ ಅಧ್ಯಕ್ಷರು. ಅವರ ಮುತ್ತಜ್ಜ ಯಾವುದೋ ಕಾಲದಲ್ಲಿ, ಯಾವುದೋ ಹಡಗಿನವನಿಂದ ನಾಲ್ಕು ಪೆಟ್ಟಿಗೆ ಪುಸ್ತಕ ತರಿಸಿದ್ದರು. ತುರ್ಕಿ ಸುಲ್ತಾನರ ರಾಜ್ಯದ ಬಗ್ಗೆ ಫರಂಗಿಯವರು ಬರೆದ, ಇಬ್ಬರು ಹಿಡಿದು ಎತ್ತಬೇಕಾದ ಗ್ರಂಥಗಳು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿ, ಒಂದೊಂದಕ್ಕೂ ಕೈಯಿಂದ ಬಣ್ಣ ತುಂಬಿದ ಚಿತ್ರಗಳು: ಮಸೀದಿಯ ಗುಮ್ಮಟ, ಕಡಲ ದಂಡೆಯ ಅರಮನೆ, ಉದ್ದ ಮೂತಿಯ ದೋಣಿ, ಬೆನ್ನಿಗೆ ಹೂಜಿ ಕಟ್ಟಿಕೊಂಡು ಶರಬತ್ತು ಮಾರುವವನು. ಆ ಭಾಷೆ ಓದಬಲ್ಲವರು ಊರಲ್ಲಿ ಯಾರೂ ಇರಲಿಲ್ಲ. ಅಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು ಎಂಬ ಶಾಲೆಯ ಪಾಠದ ಒಂದು ವಾಕ್ಯ, ಮೈ ಒರೆಸುವ ಟರ್ಕಿ ಟವೆಲು, ಮಂಡಳದ ಹನ್ನೊಂದು ಸದಸ್ಯರಿಗೆ ಆ ಲೋಕದ ಬಗ್ಗೆ ಗೊತ್ತಿದ್ದದ್ದು ಈ ಎರಡೇ. ಅದು ಅವರ ಬಾಯಿಗೆ ಎಂದೂ ಅಡ್ಡ ಬರಲಿಲ್ಲ.

ಗುರುವಾರ ಮಧ್ಯಾಹ್ನ ದೇಸಾಯರ ಪಡಸಾಲೆಯಲ್ಲಿ ಸಭೆ. ಒಂದು ಗ್ರಂಥ ತೆರೆಯುವುದು, ಪಟಕ್ಕೊಬ್ಬರಂತೆ ವ್ಯಾಖ್ಯಾನ ಮಾಡುವುದು. ಚಿತ್ರವನ್ನು ಸುಮ್ಮನೆ ನೋಡುವುದು ಅನಕ್ಷರಸ್ಥರ ಲಕ್ಷಣವೆಂದೂ, ಸುಸಂಸ್ಕೃತರು ನೋಡಿದ ಮೇಲೆ ನಾಲ್ಕು ಮಾತಾಡಬೇಕೆಂದೂ ದೇಸಾಯರ ಅಭಿಪ್ರಾಯ. ಹಾಗಾಗಿ ನೂರು ವರ್ಷದಲ್ಲಿ ಮೂರೂವರೆ ಪೆಟ್ಟಿಗೆ ಪುಸ್ತಕ ಸುಸಂಸ್ಕೃತವಾಗಿತ್ತು. ಸುಲ್ತಾನನಿಗೆ ದೇಸಾಯರ ಮನೆತನದ ಮೂಗು ಬಂದಿತ್ತು. ಹೆಗಲ ಮೇಲೆ ಟವೆಲು. ಸುಲ್ತಾನನ ಸಿಪಾಯಿಗಳು ಟೋಪಿಗೆ ಚಮಚ ಸಿಕ್ಕಿಸಿಕೊಂಡಿದ್ದರು. ಅದು ನಿಜ, ಸುಲ್ತಾನನ ಅನ್ನ ಉಂಡವರೆಂಬ ಗುರುತಿಗೆ ಅವರು ಚಮಚವನ್ನು ತಲೆಯ ಮೇಲೆ ಹೊರುತ್ತಿದ್ದರಂತೆ. ಪದಕೋಶ ಹಿಡಿದು ಪಟದ ಕೆಳಗಿನ ಎರಡು ಸಾಲು ಕೂಡಿಸಿ ಕೂಡಿಸಿ ಓದಿದ ನನಗೆ ಗೊತ್ತಿತ್ತು. ಆದರೆ ತಲೆಯ ಮೇಲೆ ಯಾರಾದರೂ ಚಮಚ ಇಡುತ್ತಾರೆಯೇ, ನವಿಲುಗರಿ ಇರಬೇಕು ಎಂದು ಖಜಾಂಚಿಯೊಬ್ಬರು ಒಂದು ಗುರುವಾರ ಅಂದರು. ಶುಕ್ರವಾರದಿಂದ ನವಿಲುಗರಿ. ಅಲ್ಲಿನ ಟ್ಯೂಲಿಪ್ ಹೂವುಗಳೆಲ್ಲ ತಾವರೆಯಾಗಿ, ನೀರಿಲ್ಲದೆ ಒಣನೆಲದಲ್ಲಿ ನಿಂತಿದ್ದವು.

ನಾನು ಊರಿಗೆಲ್ಲ ಇದ್ದ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಮಂಡಳದ ವಾರ್ಷಿಕ ಸಂಚಿಕೆಗಳು ಅಚ್ಚಾಗುವ ಮೊದಲು ನನ್ನ ಮುಂದೆ ಬರುತ್ತಿದ್ದವು. ನನ್ನ ಅಧಿಕಾರ ಅಕ್ಷರದ ಮೇಲೆ, ಅರ್ಥದ ಮೇಲಲ್ಲ. ಕತ್ತೆಯನ್ನು ಕುದುರೆ ಎಂದು ಬರೆದರೆ ಕುದುರೆಯ ಕೊಂಬು, ಎತ್ವ ಸರಿಯಿವೆಯೇ ಎಂದಷ್ಟೇ ನಾನು ನೋಡಬೇಕು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈ ದಾಟಿ ಒಂದು ಕಾಗುಣಿತದ ತಪ್ಪೂ ಅಚ್ಚಾಗಿರಲಿಲ್ಲ. ಆ ಹೆಮ್ಮೆಯಲ್ಲಿ ನಾನು ಊರನ್ನೆಲ್ಲ ಮನಸ್ಸಿನಲ್ಲೇ ತಿದ್ದುತ್ತ ಓಡಾಡುತ್ತಿದ್ದೆ.

ಉಳಿದ ಅರ್ಧ ಪೆಟ್ಟಿಗೆ ಕೆಡದೆ ಉಳಿದದ್ದು ಫಕ್ರುಸಾಬನಿಂದ. ಆತ ಪುಸ್ತಕ ಕಟ್ಟುವವನು. ಮುದ್ರಣಾಲಯದ ಹಿಂದಿನ ಓಣಿಯಲ್ಲಿ ಅಂಗಡಿ. ಅವನ ಮದುವೆಯಾದ ವರ್ಷ ದೇಸಾಯರ ಮನೆಯಿಂದ ಒಂದು ಗ್ರಂಥ ಬೆನ್ನು ಬಿಟ್ಟಿದೆಯೆಂದು ದುರಸ್ತಿಗೆ ಬಂತು. ಅರಮನೆ, ಸಿಪಾಯಿಗಳ ಒಂದೆರಡು ಬಿಟ್ಟರೆ ಉಳಿದದ್ದೆಲ್ಲ ತುರ್ಕಿ ಸೀಮೆಯ ಕಸುಬುದಾರರದೇ ಆದ ಅರವತ್ತನಾಲ್ಕು ಪಟಗಳ, ಒಂದೇ ಅರ್ಧ ಪೆಟ್ಟಿಗೆ ತುಂಬುವ ಪುಸ್ತಕ. ಎಂಟು ದಿನ ಬಿಟ್ಟು ದೇಸಾಯರ ಆಳು ಬಂದು ಕೇಳಿದಾಗ ಫಕ್ರುಸಾಬ, "ಅಂಟು ಇನ್ನಾ ಆರಿಲ್ರಿ" ಅಂದ. ತಿಂಗಳು ಬಿಟ್ಟು ಕೇಳಿದಾಗಲೂ ಆರಿರಲಿಲ್ಲ. ದೇಸಾಯರ ತಂದೆ ತೀರಿಕೊಂಡರು, ಬಾಪೂಸಾಹೇಬರು ಅಧ್ಯಕ್ಷರಾದರು, ಆಳಿನ ಮಗ ಆಳಾಗಿ ಬಂದು ಕೇಳಿದ. ಅಂಟು ಆರಿರಲಿಲ್ಲ. ನಲವತ್ತು ವರ್ಷದಲ್ಲಿ ಅದು ಊರಿನ ಗಾದೆಯೇ ಆಗಿಹೋಯಿತು. ಕೊಟ್ಟ ಮಾತು ನಡೆಸದ ಬೀಗರು, ತೀರ್ಪು ಕೊಡದ ಪಂಚರು, ಮುಗಿಯದ ಸೇತುವೆ, ಯಾವುದರ ಬಗ್ಗೆ ಕೇಳಿದರೂ ಜನ ನಕ್ಕು ಅಂಟು ಆರಿಲ್ಲ ಅನ್ನುತ್ತಿದ್ದರು.

ಅಂಟು ಮೂರನೆಯ ದಿನವೇ ಆರಿತ್ತು. ಫಕ್ರುಸಾಬ ಆ ಪುಸ್ತಕದ ಅರವತ್ತೊಂದನೇ ಪಟಕ್ಕೆ ಸಿಕ್ಕಿಬಿದ್ದಿದ್ದ. ಬಜಾರಿನ ಸಾಲಿನಲ್ಲಿ ಒಂದು ಇಕ್ಕಟ್ಟಾದ ಅಂಗಡಿ. ಒಳಗೆ ಕಾಲು ಮಡಚಿ ಕೂತ ನಡುವಯಸ್ಸಿನ ಮನುಷ್ಯ. ಮೊಣಕಾಲಿಗೆ ಆನಿಸಿದ ಒಂದು ಪುಸ್ತಕ, ಬಲಗೈಯಲ್ಲಿ ಸೂಜಿ, ಎಡಗೈ ಬೆರಳುಗಳ ಸಂದಿಯಲ್ಲಿ ಎರಡು ಬಣ್ಣದ ರೇಷ್ಮೆ ದಾರ. ಕೆಳಗಿನ ಬರಹವನ್ನು ಹುಳ ತಿಂದಿತ್ತು. ಆದರೆ ಒಬ್ಬ ಪುಸ್ತಕ ಕಟ್ಟುವವನು ಇನ್ನೊಬ್ಬ ಪುಸ್ತಕ ಕಟ್ಟುವವನನ್ನು ಗುರುತಿಸಲು ಬರಹ ಬೇಕಿಲ್ಲ. ಪುಸ್ತಕದ ಬೆನ್ನಿನ ಎರಡು ತುದಿಗೆ ದಾರದಿಂದ ಹೆಣೆಯುವ ಸಣ್ಣ ಪಟ್ಟಿಯೊಂದಿದೆ. ಅದು ಗಟ್ಟಿಯಿದ್ದರೆ ಪುಸ್ತಕ ನಿಲ್ಲುತ್ತದೆ. ನಮ್ಮೂರಲ್ಲಿ ಕಟ್ಟಿದ ಪುಸ್ತಕಗಳು ಹತ್ತು ವರ್ಷಕ್ಕೆ ಬೆನ್ನು ಬಿಡುತ್ತಿದ್ದವು. ತುರ್ಕಿಯಲ್ಲೇ ಕಟ್ಟಿದ ಒಂದು ಸಣ್ಣ ಪುಸ್ತಕವೂ ಆ ಪೆಟ್ಟಿಗೆಗಳಲ್ಲಿತ್ತು; ಮುನ್ನೂರು ವರ್ಷವಾದರೂ ಅದರ ಪಟ್ಟಿಯ ಒಂದು ಎಳೆಯೂ ಸಡಿಲಾಗಿರಲಿಲ್ಲ. ಫಕ್ರುಸಾಬ ಅದನ್ನು ಬಿಚ್ಚಿ ನೋಡಿದ್ದ. ಮತ್ತೆ ಹೆಣೆಯಲು ಆಗಲಿಲ್ಲ. "ಬಿಚ್ಚಿದ್ರ ದಾರ ಕಾಣ್ತೈತ್ರಿ ರಾಯರ, ಕೈ ಕಾಣೂದಿಲ್ಲ" ಎಂದು ಒಮ್ಮೆ ನನಗೆ ಹೇಳಿದ್ದ.

ಆ ಪಟದಲ್ಲಿ ಕೈ ಕಾಣುತ್ತಿತ್ತು. ಅದನ್ನು ಬರೆದ ಫರಂಗಿ ಸುಲ್ತಾನನ ಮುಖ ನೋಡಿದ್ದನೋ ಇಲ್ಲವೋ, ಈ ಮನುಷ್ಯನ ಕೈಯನ್ನಂತೂ ನೋಡಿದ್ದ. ಹೆಣಿಗೆಯ ನಾಲ್ಕು ಸುತ್ತು ಮುಗಿದು ಐದನೆಯದು ನಡೆದಿತ್ತು. ಫಕ್ರುಸಾಬ ದಿನಾ ಬೆಳಗ್ಗೆ ಪಟದ ಮೇಲಿನ ಬಟ್ಟೆ ಸರಿಸಿ, ಭೂತಗನ್ನಡಿ ಹಿಡಿದು, ತುಟಿ ಬಿಗಿದು ಒಂದು ತಾಸು ನೋಡುತ್ತಿದ್ದ. ಆಮೇಲೆ ಬಟ್ಟೆ ಎಳೆದು ತನ್ನ ಕೈಯಲ್ಲಿ ಮಾಡಿ ನೋಡುತ್ತಿದ್ದ. ಗಿರಾಕಿ ಬಂದರೆ ಬಾಗಿಲಾಚೆ ಹೋಗಿ ಮಾತಾಡಿ ಬರುತ್ತಿದ್ದ. ಒಂದೊಂದು ಸುತ್ತಿಗೆ ಹತ್ತು ವರ್ಷದಂತೆ ನಾಲ್ಕು ಸುತ್ತು ಕಲಿತಿದ್ದ. ಐದನೆಯದರಲ್ಲಿ ಎಡಗೈಯ ಉಂಗುರದ ಬೆರಳು ದಾರವನ್ನು ಎಲ್ಲಿ ತಡೆದಿದೆ ಎಂಬುದೊಂದು ಬಗೆಹರಿದಿರಲಿಲ್ಲ. ಅಲ್ಲಿಗೆ ಬಂದಾಗ ಸೂಜಿ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಮೇಲಾಗಿ ಈಗ ಕಣ್ಣಿಗೆ ಪರೆ ಬರುತ್ತಿತ್ತು.

ಅವನ ಹೆಂಡತಿ ಜೈತೂನಬಿ ಇದನ್ನು ಬೇರೆಯೇ ರೀತಿ ಹೇಳುತ್ತಿದ್ದಳು. "ನಲವತ್ತ ವರ್ಷದಿಂದ ನನಗೊಬ್ಬ ಗಂಡಸವತಿ ಗಂಟುಬಿದ್ದಾನ್ರಿ, ರಾಯರ. ಇವರು ನನ್ನ ಮಾರಿ ಒಂದು ದಿನಾನಾದ್ರೂ ಅಷ್ಟೊತ್ತು ನೋಡ್ಯಾರೇನು, ಕೇಳ್ರಿ. ಅಂವ ಉಸ್ತಾದಂತ. ಇಷ್ಟು ವರ್ಷಕ್ಕ ಒಂದು ಗಂಟು ಕಲಿಸಲಾರದಂವ ಎಂಥಾ ಉಸ್ತಾದ." ಇದನ್ನೂ ಆಕೆ ಬಾಗಿಲಾಚೆ ನಿಂತೇ ಹೇಳುತ್ತಿದ್ದಳು. ಪಟದ ಕಡೆ ಕೈ ತೋರಿಸುತ್ತಿದ್ದಳೇ ಹೊರತು ಪಟದ ಎದುರು ಒಂದು ದಿನವೂ ತುಟಿ ಬಿಚ್ಚಿದವಳಲ್ಲ.

ಹೀಗಿರುವಾಗ ಮಂಡಳಕ್ಕೆ ನೂರು ವರ್ಷ ತುಂಬಿತು. ಹುದ್ದಾರ ಪಂಡಿತರನ್ನು ಕರೆಸುವುದೆಂದು ಠರಾವಾಯಿತು. ಹುದ್ದಾರರು ತುರ್ಕಿ ವಿಷಯದಲ್ಲಿ ಕೊನೆಯ ಮಾತು ಎಂದು ದೇಸಾಯರು ಹೇಳುತ್ತಿದ್ದರು. ಮೊದಲ ಮಾತು ಯಾರದೆಂದು ಯಾರೂ ಕೇಳಲಿಲ್ಲ. ಕಸುಬುದಾರರ ಪುಸ್ತಕದ ಅರವತ್ತನಾಲ್ಕು ಪಟಗಳನ್ನೂ ಒಂದೊಂದಾಗಿ ತೆರೆದಿಟ್ಟು ಅವರು ಭಾಷಣ ಮಾಡತಕ್ಕದ್ದು. ಅಂಟು ಆರಿರಲಿ ಬಿಡಲಿ, ಪುಸ್ತಕ ಬರತಕ್ಕದ್ದು. ದೇಸಾಯರು ಈ ಸಲ ಆಳನ್ನು ಕಳಿಸದೆ ತಾವೇ ಓಣಿಗೆ ಬಂದು ಹೇಳಿ ಹೋದರು.

ಭಾಷಣ ಮೊದಲು ಅಚ್ಚಾಗಬೇಕಿತ್ತು. ಹುದ್ದಾರರು ಪುಸ್ತಕ ನೋಡಿಯೇ ಮಾತಾಡುವವರು. ಚಿತ್ರದ ಪುಸ್ತಕವಲ್ಲ, ತಮ್ಮ ಭಾಷಣದ ಪುಸ್ತಕ. ಕರಡು ನನ್ನ ಮೇಜಿಗೆ ಬಂತು. ಇದೇ ಗ್ರಂಥದ ಇನ್ನೊಂದು ಪ್ರತಿಯನ್ನು ಇಪ್ಪತ್ತು ವರ್ಷದ ಹಿಂದೆ ಯಾವುದೋ ಸಂಸ್ಥಾನದಲ್ಲಿ ನಿಂತ ಕಾಲಲ್ಲಿ ನೋಡಿದ್ದ ನೆನಪಿನ ಮೇಲೆ ಅವರು ಅರವತ್ತನಾಲ್ಕು ಪಟಗಳನ್ನೂ ವ್ಯಾಖ್ಯಾನಿಸಿದ್ದರು. ಸುಲ್ತಾನನ ಸಿಪಾಯಿಗಳಿಗೆ ಯೆನಿಚೇರಿ ಎಂದು ಹೆಸರು. ಇದು ನಮ್ಮ ಎಣ್ಣೆಕೇರಿಯೇ, ಆದ್ದರಿಂದ ಇವರು ಮೂಲತಃ ಗಾಣಿಗರು ಎಂದು ಪಂಡಿತರ ಶೋಧ. ತೋಪ್‌ಕಾಪಿ ಅರಮನೆ ಎಂದರೆ ತೋಪು ಕಾಪು, ಅರ್ಥಾತ್ ಮಾವಿನ ತೋಪಿನ ಕಾವಲುಮನೆ. ತೋಪು ಎಂದರೆ ಫಿರಂಗಿ ಎಂದೂ ಆಗುತ್ತದೆ, ಅಲ್ಲಿ ಆಗುವುದೂ ಅದೇ ಎಂಬುದು ಅವರ ಹತ್ತಿರವೂ ಸುಳಿದಿರಲಿಲ್ಲ. ನಾನು ಎಣ್ಣೆಯ ಒತ್ತು ಸರಿ ಇದೆಯೇ ನೋಡಿ ಮುಂದಕ್ಕೆ ಹೋದೆ. ಅರವತ್ತೊಂದನೇ ಪಟಕ್ಕೆ ಬಂದೆ. "ಇಲ್ಲಿ ಕುಳಿತಿರುವವನು ಪಾದರಕ್ಷೆಗಳನ್ನು ಹೊಲಿಯುವವನು" ಎಂದು ಬರೆದಿತ್ತು.

ನಾನು ಕರಡನ್ನು ಮಡಚಿಕೊಂಡು ಹಿಂದಿನ ಓಣಿಗೆ ಹೋದೆ. ಬಾಗಿಲಾಚೆ ನಿಂತು ಓದಿ ಹೇಳಿದೆ. ಫಕ್ರುಸಾಬ ತನ್ನ ಎಡಗೈ ನೋಡಿಕೊಂಡ. ಉಂಗುರದ ಬೆರಳು ದಾರವನ್ನು ಹೊರಗಿನಿಂದಲ್ಲ, ಒಳಗಿನಿಂದ ತಡೆದಿರಬೇಕು ಎಂಬ ಅನುಮಾನ ಮೊನ್ನೆಯಷ್ಟೇ ಹುಟ್ಟಿದೆ ಎಂದ. ಇನ್ನು ಎಂಟು ದಿನ ಸಿಕ್ಕರೆ ಸಾಕಿತ್ತು ಎಂದ. ಆಮೇಲೆ ಕೇಳಿದ:

"ನೀವು ತಿದ್ದೋರಲ್ರಿ ರಾಯರ. ಅದೊಂದು ಪಟದ ಮಾತು ಹೊಡ್ದ ಹಾಕ್ರಿ. ಅರವತ್ತು ಆದಮ್ಯಾಲ ಅರವತ್ತೆರಡು. ಉಳಿದದ್ದು ದೇಸಾಯರ ಮಾಲು, ಏನಾರ ಆಗ್ಲಿ. ಇದೊಂದು ನನ್ನ ಉಸ್ತಾದಂದು."

"ಅದು ತಿದ್ದೂದಲ್ಲ ಫಕ್ರುಸಾಬ, ತಪ್ಪು ಮಾಡೂದು" ಅಂದೆ.

"ಹೌದ್ರಿ" ಅಂದ. "ಒಂದು ಮಾಡ್ರಿ. ಇಪ್ಪತ್ತಾರು ವರ್ಷದಾಗ ಒಂದು."

ಮಾಡಿದೆ. ಆ ಪ್ಯಾರಾಕ್ಕೆ ಮೇಲಿಂದ ಕೆಳಗೆ ಗೆರೆ ಎಳೆದು ಕರಡನ್ನು ಅಚ್ಚಿಗೆ ಕಳಿಸಿದೆ. ಕಂಪೋಜಿಟರು ಏನೂ ಕೇಳಲಿಲ್ಲ. ರಾಯರು ಹೊಡೆದರೆಂದರೆ ಅದು ತಪ್ಪೇ ಇದ್ದಿರಬೇಕೆಂದು ಅವರ ನಂಬಿಕೆ.

ಭಾಷಣದ ದಿನ ದೇಸಾಯರ ಪಡಸಾಲೆ ಕಿಕ್ಕಿರಿದಿತ್ತು. ಎತ್ತರದ ಪೀಠದ ಮೇಲೆ ಪುಸ್ತಕ. ಹಾಳೆಗಳು ಹಣ್ಣಾಗಿವೆ, ಬೇರೆಯವರು ಮುಟ್ಟಿದರೆ ಮುರಿಯುತ್ತವೆ ಎಂದು ಹೇಳಿ ಮಗುಚುವ ಕೆಲಸವನ್ನು ಫಕ್ರುಸಾಬ ತಾನೇ ಕೇಳಿಕೊಂಡಿದ್ದ. ಹುದ್ದಾರರು ಎರಡೂವರೆ ತಾಸು ಅಚ್ಚಾದ ಭಾಷಣದಿಂದ ತಲೆ ಎತ್ತಲಿಲ್ಲ. ಅವರು ಒಂದೊಂದು ಪಟ ಮುಗಿಸಿದ ಹಾಗೆಲ್ಲ ನಾಳೆ ಬೆಳಗ್ಗೆ ಅದರ ಗತಿ ಏನಾಗಲಿದೆ ಎಂದು ನಾನು ಮನಸ್ಸಿನಲ್ಲೇ ನೋಡುತ್ತಿದ್ದೆ: ಎಣ್ಣೆ ಡಬ್ಬಿ ಹೊತ್ತ ಸಿಪಾಯಿಗಳು, ಅರಮನೆಯ ಸುತ್ತ ಮಾವಿನ ಮರ, ಕಾಫಿ ಕಾಸುವವನ ಕೈಯಲ್ಲಿ ಸಾರಿನ ಸೌಟು. ಮುಂದಿನ ಸಾಲಿನವರು ತಲೆದೂಗುತ್ತಿದ್ದರು. ಅವರಲ್ಲಿ ಇಬ್ಬರದು ನಿದ್ದೆಯ ತೂಗು.

ಅರವತ್ತನೇ ಪಟ ಮುಗಿಯಿತು. ಫಕ್ರುಸಾಬ ಎರಡು ಹಾಳೆ ಕೂಡಿಸಿ ಮಗುಚಿದ. ಶರಬತ್ತು ಮಾರುವವನ ಪಟ ತೆರೆಯಿತು. ಹುದ್ದಾರರು "ಅರವತ್ತೆರಡು" ಎಂದು ಓದಿದರು. ಅಷ್ಟರಲ್ಲಿ, ಎರಡೂವರೆ ತಾಸು ಬೆರಳು ಮಡಚಿ ಎಣಿಸುತ್ತ ಕೂತಿದ್ದ ಒಬ್ಬನೇ ಒಬ್ಬ ಮನುಷ್ಯ, ಅಂದರೆ ದೇಸಾಯರು, ಕೈ ಎತ್ತಿದರು.

"ಅರವತ್ತೊಂದು ಎಲ್ಲಿ?"

ಹುದ್ದಾರರು ಮೊದಲ ಸಲ ತಲೆ ಎತ್ತಿದರು. ತಮ್ಮ ಭಾಷಣ ಹಿಂದೆ ಮುಂದೆ ತಿರುವಿದರು. ಫಕ್ರುಸಾಬ ಎರಡು ಹಾಳೆಗಳನ್ನೂ ಒಟ್ಟಿಗೆ ಒತ್ತಿ ಹಿಡಿದು, ನೆಲ ನೋಡುತ್ತ ಹೇಳಿದ:

"ಅಂಟು ಆರಿಲ್ರಿ, ಸಾಹೇಬರ."

ಮೊದಲು ಹಿಂದಿನ ಸಾಲು ನಕ್ಕಿತು. ಆಮೇಲೆ ಇಡೀ ಪಡಸಾಲೆ. ನಿದ್ದೆಯಲ್ಲಿದ್ದವರೂ ಎದ್ದು, ಯಾಕೆಂದು ಕೇಳದೆ ನಕ್ಕರು. ತಮ್ಮ ಭಾಷಣದಿಂದ ಒಂದು ಪಟ ಹೇಗೆ ಜಾರಿತೆಂದು ತಮಗೇ ತಿಳಿಯದ ಹುದ್ದಾರರು, ಆ ಪಟ ಗೌಣವಾದದ್ದು, ಅದನ್ನು ತಾವು ಬೇಕೆಂದೇ ಕೈಬಿಟ್ಟಿರುವುದಾಗಿ ಗಂಭೀರವಾಗಿ ತಿಳಿಸಿದರು. ದೇಸಾಯರು ಬೆರಳು ಬಿಚ್ಚಿದರು. ಆ ಶರಬತ್ತಿನವನು ಮಾತ್ರ ಮರುದಿನದಿಂದ ಮೈಯೆಲ್ಲ ಅಂಟಂಟಾಗಿ ಕಾಣತೊಡಗಿದ ಎಂದು ಕೇಳಿದ್ದೇನೆ. ಅಷ್ಟು ನಷ್ಟ ಆಗಲೇಬೇಕಿತ್ತು.

ಸಭೆ ಮುಗಿದು ಎಲ್ಲರೂ ಉಪ್ಪಿಟ್ಟಿನ ಕಡೆ ಹೋದರು. ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಪುಸ್ತಕವನ್ನು ಮತ್ತೆ ದುರಸ್ತಿಗೆ ಒಯ್ಯಲು ದೇಸಾಯರು ನಗುನಗುತ್ತಲೇ ಒಪ್ಪಿದ್ದರು. ಮುಚ್ಚುವ ಬಟ್ಟೆ ಕುರ್ಚಿಯ ಮೇಲೆ ಬಿದ್ದಿತ್ತು. ಫಕ್ರುಸಾಬ ಸುತ್ತ ನೋಡಿ, ತುಟಿ ಬಿಗಿದು, ಮೆಲ್ಲಗೆ ಅರವತ್ತೊಂದನೇ ಪಟ ತೆರೆದ. ಏನೂ ಆಗಿರಲಿಲ್ಲ. ಅದೇ ಅಂಗಡಿ, ಅದೇ ಮನುಷ್ಯ, ಅದೇ ಬೆರಳು. ನಾನು ಆ ಪಟವನ್ನು ನೋಡಿದ್ದು ಅದೇ ಮೊದಲು. ನಲವತ್ತು ವರ್ಷ ಒಬ್ಬನನ್ನೇ ನೋಡುತ್ತ ಕೂತರೆ ಕೂತ ಭಂಗಿಯೂ ಬರುತ್ತದೇನೋ. ಬಾಗಿದ ಕತ್ತು, ಮುಂದೆ ಚಾಚಿದ ಕೆಳತುಟಿ. ಹುದ್ದಾರರು, ದೇಸಾಯರು, ಹನ್ನೊಂದು ಸದಸ್ಯರು, ಎಲ್ಲರನ್ನೂ ಒಂದೇ ಪ್ಯಾರಾದಲ್ಲಿ ಗೆದ್ದ ಸಂತೋಷ ನನ್ನ ತಲೆಗೇರಿತ್ತು. ನಾನು ಬಗ್ಗಿ ನೋಡಿ ಹೇಳಿದೆ:

"ಅಲ್ರೀ ಫಕ್ರುಸಾಬ, ನಿಮ್ಮ ಉಸ್ತಾದ ಥೇಟ್ ನಿಮ್ಮ ಹಾಂಗ ಇದ್ದಾನ ನೋಡ್ರಿ."

ಆತನ ಕೈ ನನ್ನ ಬಾಯಿಗೆ ಬಂತು. ಅಂಟಿನ ವಾಸನೆಯ ಕೈ. ಅಷ್ಟರಲ್ಲಿ ವಾಕ್ಯ ಮುಗಿದಿತ್ತು. ಇಲ್ಲ, ಹಾಗಿಲ್ಲ ಎನ್ನೋಣವೆಂದು ಬಾಯಿ ತೆರೆದೆ. ಎಡಗಡೆ ದಪ್ಪ, ಬಲಗಡೆ ಸಣ್ಣಗಿದ್ದ ಕಿರಾಣಿ ಅಂಗಡಿಯ ಅಜ್ಜ ನೆನಪಾಗಿ ಮುಚ್ಚಿದೆ. ಇಪ್ಪತ್ತಾರು ವರ್ಷ ತಿದ್ದಿದವನಿಗೆ ತಿದ್ದಲು ಬರದ ಮಾತು ಅದೊಂದೇ. ಫಕ್ರುಸಾಬ ಬಟ್ಟೆ ಎಳೆದು, ದೇಸಾಯರ ಆಳನ್ನು ಕರೆದು, ಅವನ ಕೈಗೂಡಿಸಿ ಪುಸ್ತಕವನ್ನು ಕೂಸಿನಂತೆ ಎತ್ತಿಕೊಂಡು ಹೋದ.

ಮರುದಿನ ಬೆಳಗ್ಗೆ ನಾನು ಅಂಗಡಿಗೆ ಹೋದಾಗ ಜೈತೂನಬಿ ಬಾಗಿಲಾಚೆಯೇ ಕೂತಿದ್ದಳು. ನನ್ನನ್ನು ನೋಡಿ ಎದ್ದು ದಾರಿ ಬಿಟ್ಟಳು. "ಹೋಗಿ ನೋಡ್ರಿ. ಮನಿಯಾಗ ಇಂಥಾಂವ ಒಬ್ಬ ಸಾಲಲಿಲ್ಲಂತ ಇನ್ನೊಬ್ಬನ್ನ ಮಾಡಿ ಕೊಟ್ಟೀರಿ" ಅಂದಳು. ನಗಲಿಲ್ಲ.

ಪಟದ ಅಂಗಡಿಯಲ್ಲಿ ಫಕ್ರುಸಾಬ ಕೂತಿದ್ದ. ತುರ್ಕಿಯ ರುಮಾಲು, ತುರ್ಕಿಯ ನಿಲುವಂಗಿ. ಒಳಗಿನವನು ಇವನೇ, ಪರೆ ಬಂದ ಬಲಗಣ್ಣಿನ ಸಮೇತ. ಅಷ್ಟೇ ಆಗಿದ್ದರೆ ನಗಬಹುದಿತ್ತು. ಫಕ್ರುಸಾಬ ಮಾತಾಡದೆ ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಪಟದ ಎಡಗೈಯ ಮೇಲೆ ಹಿಡಿಸಿದ. ನಾಲ್ಕು ಸುತ್ತು ಮುಗಿದಿತ್ತು. ಉಂಗುರದ ಬೆರಳು ಏನು ಮಾಡಬೇಕೆಂದು ತಿಳಿಯದೆ ಅರ್ಧ ಎದ್ದು ನಿಂತಿತ್ತು. ಸೂಜಿ ಗಾಳಿಯಲ್ಲಿತ್ತು.

ಆತ ಪಟದ ಮೇಲೆ ಬಟ್ಟೆ ಎಳೆದ. ಆಮೇಲೆ ಅಂದ:

"ನನಗೆಷ್ಟು ಗೊತ್ತೈತಿ ಈಗ ಅವಗೂ ಅಷ್ಟ ಗೊತ್ತೈತ್ರಿ."

ಒಂದು ಹಳೆಯ ಪಂಚೆಯಲ್ಲಿ ಪುಸ್ತಕವನ್ನು ಸುತ್ತಿದ. ಗಂಟು ಹಾಕುವಾಗ ಅವನ ಉಂಗುರದ ಬೆರಳು ಒಮ್ಮೆ ಒಳಗೆ ಹೋಯಿತು, ಒಮ್ಮೆ ಹೊರಗೆ ಬಂತು, ಕಡೆಗೆ ಸುಮ್ಮನಾಯಿತು. ಗಂಟನ್ನು ನನ್ನ ತೋಳಿನ ಮೇಲೆ ಇಟ್ಟ. ಇಬ್ಬರು ಎತ್ತುವ ಭಾರ; ನಾನೊಬ್ಬನೇ ಹೊತ್ತೆ.

"ದೇಸಾಯರಿಗೆ ಹೇಳ್ರಿ ರಾಯರ," ಅಂದ. "ಅಂಟು ಆರೇತಿ."